ಡೀಜೆ ಕಂಟ್ರೋಲರ್ ಕೊಳ್ಳುವ ಮೊದಲು

ನಾನು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಕಲಿತದ್ದು ಮ್ಯಾಟ್ರಿಕ್. ವಯಸ್ಸು ಅರವತ್ತು ದಾಟಿದೆ. ಇಂಥವನಿಗೆ ಡೀಜೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಉಂಟು. ಡೀಜೆ ಸಾಮಾನಿನ ಒಂದು ಸಾಲಕ್ಕೆ ನಾನು ಜಾಮೀನು ನಿಂತಿದ್ದೆ, ಆ ಸಾಮಾನು ಐನು ವೇಳೆಗೆ ಕೈಕೊಟ್ಟಿತು. ಆ ಪೆಟ್ಟಿನಿಂದ ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಮನೆಯಲ್ಲಿಯೂ ಇಂಥ ಹುಡುಗನೊಬ್ಬ ಇದ್ದರೆ ರೇಡಿಯೋ ಹತ್ತಿರ ಕರೆದು ಕೂಡಿಸಿಕೊಳ್ಳಿರಿ.

ಮೊದಲು ಮಾತಿನ ಅರ್ಥ ತಿಳಿಯೋಣ. ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಕಡೆ ಡೀಜೆ ಎಂದರೆ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಆಳೆತ್ತರ ಜೋಡಿಸಿದ ಸ್ಪೀಕರ್ ಡಬ್ಬಿಗಳು. ನಿಜವಾಗಿ ನೋಡಿದರೆ ಡೀಜೆ ಎಂಬುದು ಮನುಷ್ಯನ ಹೆಸರು: ಹಾಡಿನ ತಟ್ಟೆಗಳನ್ನು ಒಂದರ ಬೆನ್ನಿಗೆ ಒಂದು ಹೊಂದಿಸಿ ಬಾರಿಸುವವನು. ಮುಂಚೆ ಅವನ ಎದುರಿಗೆ ಎರಡು ತಿರುಗುವ ತಟ್ಟೆ, ನಡುವೆ ಒಂದು ಮಿಕ್ಸರ್ ಇರುತ್ತಿತ್ತು. ಈಗ ಹಾಡುಗಳೆಲ್ಲ ಲ್ಯಾಪ್‌ಟಾಪಿನಲ್ಲಿ. ಆ ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಿದ ಮಣೆಯೇ ಕಂಟ್ರೋಲರ್. ಅದರ ಮೇಲೆ ಎರಡು ಚಕ್ರ, ಮೇಲೆ ಕೆಳಗೆ ಸರಿಯುವ ಫೇಡರುಗಳು, ತಿರುಗಿಸುವ ಗುಂಡಿಗಳು, ಒತ್ತುವ ಬಟನ್ನುಗಳು ಇರುತ್ತವೆ. ಡಬ್ಬಿ ಎಷ್ಟೇ ದೊಡ್ಡದಿರಲಿ, ಧ್ವನಿ ಹೊರಡುವುದು ಈ ಮಣೆಯಿಂದ. ಇದು ನಿಂತರೆ ಎಲ್ಲವೂ ನಿಂತಿತು.

ಈಗ ನಡೆದದ್ದು ಹೇಳುತ್ತೇನೆ. ನನ್ನ ತಂಗಿಯ ಮಗ ಮೊದಲು ಬ್ಯಾಂಜೋ ಪಾರ್ಟಿಯಲ್ಲಿ ದುಡಿಯುತ್ತಿದ್ದ. ಸ್ವಂತ ಡೀಜೆ ಮಾಡಬೇಕೆಂಬ ಹುಚ್ಚು. ಒಂದು ದಿವಸ ಬಂದು, "ಮಾಮಾ, ಕಂಟ್ರೋಲರ್ ಸಸ್ತಾದಾಗ ಸಿಗ್ಲಾಕತ್ತದ. ನೀವು ಒಂದು ಸಹಿ ಹಾಕ್ರಿ ಸಾಕು," ಎಂದ. ಯಾರೋ ಬಳಸಿ ಬಿಟ್ಟ ಮಣೆ. ಅದರ ಸಂಗಡ ಆಂಪ್ಲಿಫೈಯರು, ಡಬ್ಬಿಗಳು. ಸಾಲ ಸಾಲದೆ ಬಂತು. ಉಳಿದದ್ದಕ್ಕೆ ತಂಗಿ ತನ್ನ ಬೋರಮಾಳ ಒತ್ತೆ ಇಟ್ಟಳು. ನಾನು ಕಾಗದಪತ್ರ ತಿರುವಿ ಹಾಕಿ ನೋಡಿದೆ, ಸಹಿ ಮಾಡಿದೆ. ಮಷಿನ್ ಮಾತ್ರ ನೋಡಲಿಲ್ಲ.

ಮೂರನೆಯ ಸುಪಾರಿ ಒಂದು ರೈತರ ಮನೆಯ ಲಗ್ನ. ಹದಿನೆಂಟು ಸಾವಿರಕ್ಕೆ ಮಾತಾಗಿ ಐದು ಸಾವಿರ ಇಸಾರ ಕೈಗೆ ಬಂದಿತ್ತು. ವರಾತ ಚೆನ್ನಾಗಿಯೇ ನಡೆಯಿತು. ಮದುಮಕ್ಕಳು ಮಂಟಪಕ್ಕೆ ಬಂದು ನಿಂತರು. ಅಕ್ಷತೆಯ ವೇಳೆ. ಅಯ್ಯನವರು ಮೈಕ್ ಹಿಡಿದು ಎರಡು ಮಾತು ಹೇಳಿದ್ದರೋ ಇಲ್ಲವೋ, ಯಾರೋ ಒಬ್ಬರು ಮೇಜಿಗೆ ಕೈ ಊರಿದರು. ಎಲ್ಲ ಗಪ್ಪಾಯಿತು. ಹಾಡೂ ಇಲ್ಲ, ಮೈಕೂ ಇಲ್ಲ, ಏಕೆಂದರೆ ಮೈಕನ್ನೂ ಅದೇ ಮಣೆಗೆ ಸಿಕ್ಕಿಸಿದ್ದರು. ಅಯ್ಯನವರು ಬರಿ ಬಾಯಲ್ಲಿ ಮಂತ್ರ ಮುಗಿಸಿದರು. ಮುಂದಿನ ನಾಲ್ಕು ಸಾಲಿನವರು ಅಕ್ಷತೆ ಹಾಕಿದರು. ಹಿಂದಿನವರಿಗೆ ಏನೂ ಕೇಳಲಿಲ್ಲ. ಅವರು ಅಕ್ಕಿ ಮುಷ್ಟಿಯಲ್ಲಿ ಹಿಡಿದೇ ಕುಳಿತಿದ್ದರು. ಹೆಣ್ಣಿನ ತಂದೆ ಹುಡುಗನ ಹತ್ತಿರ ಬಂದು, "ಏನ್ ತಮ್ಮಾ, ಮಂದಿ ಮುಂದ ಮಾರಿ ಕೆಳಗ ಹಾಕಿಸಿದೆಲ್ಲೋ," ಎಂದರು. ಬೈಯಲಿಲ್ಲ. ಉಳಿದ ಹದಿಮೂರು ಸಾವಿರ ಕೊಡಲಿಲ್ಲ. ಕೇಳುವ ಧೈರ್ಯ ಇವನಿಗೂ ಬರಲಿಲ್ಲ.

ಮರುದಿನ ಮಣೆಯನ್ನು ಬಿಚ್ಚಿಸಿ ನೋಡಿದೆವು. ಯುಎಸ್‌ಬಿ ತಂತಿ ಸಿಕ್ಕಿಸುವ ಸಾಕೆಟ್ ಅಲುಗಾಡುತ್ತಿತ್ತು. ಮೊದಲೇ ಒಮ್ಮೆ ಬೆಸುಗೆ ಹಾಕಿದ ಗುರುತು ಕಾಣುತ್ತಿತ್ತು. ನಮ್ಮ ಕಡೆ ಎಮ್ಮೆ ಕೊಳ್ಳುವವನು ಮುಂಜಾನೆ ಸಂಜೆ ಎರಡು ಹೊತ್ತು ಹಿಂಡಿಸಿ ನೋಡುತ್ತಾನೆ. ಎಮ್ಮೆ ಸಾಲದ ಅರ್ಜಿ ಬಂದಾಗ ಇದೇ ಮಾತು ಎಷ್ಟೋ ರೈತರಿಗೆ ಹೇಳಿದವನು ನಾನು. ಮನೆಯ ಹುಡುಗನಿಗೆ ಹೇಳಲಿಲ್ಲ. ಆ ತಪ್ಪು ನನ್ನದು.

ಇನ್ನು ಆರಿಸುವ ಮಾತಿಗೆ ಬರೋಣ. ಎರಡನೆಯ ಸಲ ಕೊಳ್ಳುವಾಗ ನಾವು ಮಾವ ಅಳಿಯ ಒಂದು ಚೀಟಿ ಬರೆದುಕೊಂಡು ಹೋದೆವು. ಆ ಚೀಟಿಯನ್ನೇ ಓದುತ್ತೇನೆ ಎನ್ನಿ.

ಮೊದಲನೆಯದು, ಯಾವ ಜಾತಿಯ ಯಂತ್ರ ಎಂಬುದು. ಇದರಲ್ಲಿ ಎರಡು ಬಗೆ. ಒಂದು, ಲ್ಯಾಪ್‌ಟಾಪ್ ಇಲ್ಲದೆ ನಡೆಯದ ಮಣೆ. 2022ರ ಕೊನೆಗೆ ಬಂದ ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಈ ಬಗೆಯದು. ಹಗುರ, ಕಲಿಯುವವರಿಗೆ ಒಳ್ಳೆಯದು, ಬೆಲೆ ಹತ್ತಾರು ಸಾವಿರದೊಳಗೆ. ಇನ್ನೊಂದು, ತನ್ನಷ್ಟಕ್ಕೆ ತಾನೇ ನಡೆಯುವ ಯಂತ್ರ. ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು, ಲ್ಯಾಪ್‌ಟಾಪ್ ಬೇಡ. 2019ರಲ್ಲಿ ಬಂದ ಡೆನನ್ ಪ್ರೈಮ್ 4, 2021ರ ಪಯೋನಿಯರ್ ಎಕ್ಸ್‌ಡಿಜೆ-ಆರ್‌ಎಕ್ಸ್3 ಇಂಥವು. ಇವು ಲಕ್ಷದ ಮೇಲಿನ ಮಾತು. ಲ್ಯಾಪ್‌ಟಾಪ್ ನಡುವೆ ಇಲ್ಲದಿದ್ದರೆ ಕೆಡುವ ಜಾಗ ಒಂದು ಕಡಿಮೆಯಾಗುತ್ತದೆ, ಅದು ನಿಜ. ಆದರೆ ವರ್ಷಕ್ಕೆ ಹತ್ತು ಸುಪಾರಿ ಸಿಗುವ ಹುಡುಗ ಅದಕ್ಕೆ ಸಾಲ ಮಾಡಿದರೆ ಕಂತು ಅವನನ್ನು ನುಂಗುತ್ತದೆ. ಚಿಕ್ಕ ಮಣೆಯನ್ನೇ ಕೊಂಡು ಅದನ್ನು ಜೋಪಾನವಾಗಿ ನಡೆಸುವುದೂ ಸಾಧ್ಯ. ನಾವು ಹಾಗೆಯೇ ಮಾಡಿದೆವು.

ಎರಡನೆಯದು, ಕರೆಂಟು ಎಲ್ಲಿಂದ ತಕ್ಕೊಳ್ಳುತ್ತದೆ ಎಂಬುದು. ಚಿಕ್ಕ ಮಣೆಗಳು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ಎಳೆಯುತ್ತವೆ. ಹಳೆಯ ಬಗೆಯ ಯುಎಸ್‌ಬಿ 2 ಕಿಂಡಿಯ ಲೆಕ್ಕ 500 ಮಿಲಿ ಆಂಪಿಯರ್, ಯುಎಸ್‌ಬಿ 3ರದು 900. ಒಂದೇ ಕಿಂಡಿಗೆ ಹಬ್ ಹಾಕಿ ಮಣೆ, ಮೌಸ್, ಪೆನ್‌ಡ್ರೈವ್ ಎಲ್ಲ ಜೋಡಿಸಿದರೆ ಪಾಲು ಸಾಲುವುದಿಲ್ಲ. ಆದ್ದರಿಂದ ಮಣೆಯ ತಂತಿ ನೇರವಾಗಿ ಲ್ಯಾಪ್‌ಟಾಪಿಗೇ ಹೋಗಲಿ. ದೊಡ್ಡ ಮಣೆಗಳಿಗೆ ಬೇರೆ ಅಡಾಪ್ಟರು ಇರುತ್ತದೆ. ಅದು ಗಟ್ಟಿ ವ್ಯವಸ್ಥೆ, ಆದರೆ ಜನರೇಟರ್ ಬದಲಿಸುವ ಆ ಹತ್ತು ಸೆಕೆಂಡಿನಲ್ಲಿ ಮಣೆ ಸತ್ತು ಮತ್ತೆ ಹುಟ್ಟಬೇಕಾಗುತ್ತದೆ. ಅಂಥದಕ್ಕೆ ಒಂದು ಸಣ್ಣ ಯುಪಿಎಸ್ ಇಟ್ಟರೆ ಚಿಂತೆ ಇಲ್ಲ.

ಮೂರನೆಯದು, ಧ್ವನಿ ಹೊರಗೆ ಹೋಗುವ ಕಿಂಡಿ. ಮಣೆಯ ಬೆನ್ನು ತಿರುಗಿಸಿ ನೋಡಿರಿ. ಕೆಂಪು ಬಿಳಿ ಬಣ್ಣದ ಆರ್‌ಸಿಎ ಕಿಂಡಿಗಳಷ್ಟೇ ಇವೆಯೋ, ಮೂರು ಮುಳ್ಳಿನ ಎಕ್ಸ್‌ಎಲ್‌ಆರ್ ಇದೆಯೋ? ಆರ್‌ಸಿಎ ತಂತಿ ನಾಲ್ಕಾರು ಮೀಟರಿಗೆ ನಡೆಯುತ್ತದೆ. ಮಂಟಪದ ಈ ತುದಿಯಿಂದ ಆ ತುದಿಗೆ ಎಳೆದರೆ ದಾರಿಯಲ್ಲಿ ಗುಂಯ್‌ಗುಡುವ ಸದ್ದನ್ನೂ ಹೊತ್ತು ತರುತ್ತದೆ. ಎಕ್ಸ್‌ಎಲ್‌ಆರ್ ತಂತಿಯಲ್ಲಿ ಒಂದೇ ಧ್ವನಿ ಎರಡು ಎಳೆಗಳಲ್ಲಿ ಹೋಗುತ್ತದೆ, ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಿರುವುಮುರುವು. ದಾರಿಯಲ್ಲಿ ಸೇರಿದ ಹೊಲಸು ಸದ್ದು ಎರಡರಲ್ಲೂ ಒಂದೇ ರೀತಿ ಕೂಡಿರುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಹೊಲಸು ವಜಾ ಆಗಿ ಹಾಡು ಉಳಿಯುತ್ತದೆ. ಜಮಾ ಖರ್ಚಿನ ತಾಳೆ ಇದ್ದ ಹಾಗೆ. ನಮ್ಮ ಮಣೆಗೆ ಆರ್‌ಸಿಎ ಮಾತ್ರ ಇದೆ. ಹೀಗಾಗಿ ಅದರ ಪಕ್ಕದಲ್ಲಿಯೇ ಒಂದು ಸಣ್ಣ ಮಿಕ್ಸರ್ ಇಟ್ಟು, ಅಲ್ಲಿಂದ ಎಕ್ಸ್‌ಎಲ್‌ಆರ್ ತಂತಿ ಎಳೆಯುತ್ತೇವೆ.

ಈ ಮಿಕ್ಸರಿನಿಂದ ಇನ್ನೂ ಒಂದು ಉಪಕಾರವಾಯಿತು, ಅದೇ ನಾಲ್ಕನೆಯ ಮಾತು. ಮೈಕನ್ನು ಕಂಟ್ರೋಲರಿಗೆ ಸಿಕ್ಕಿಸಬೇಡಿರಿ. ಮಿಕ್ಸರಿಗೆ ಸಿಕ್ಕಿಸಿರಿ. ಹಾಡು ನಿಂತರೆ ಜನ ಐದು ನಿಮಿಷ ನಗುತ್ತಾರೆ, ಮರೆಯುತ್ತಾರೆ. ಅಕ್ಷತೆಯ ವೇಳೆಗೆ ಮೈಕ್ ನಿಂತರೆ ಆ ಮನೆಯವರು ಬದುಕಿರುವವರೆಗೆ ಮರೆಯುವುದಿಲ್ಲ. ಅದೇ ಮಿಕ್ಸರಿನ ಇನ್ನೊಂದು ಕಿಂಡಿಗೆ ಒಂದು ಮೊಬೈಲ್ ಜೋಡಿಸಿ, ಅದರಲ್ಲಿ ಒಂದು ತಾಸಿನ ಹಾಡು ತುಂಬಿ ಇಡಿರಿ. ಮಣೆ ನಿಂತಿತೆಂದರೆ ಮೊಬೈಲಿನ ಫೇಡರ್ ಮೇಲಕ್ಕೆತ್ತಿದರಾಯಿತು. ಆ ಫೋನಿಗೆ ಕರೆ ಬಾರದಂತೆ ಏರೋಪ್ಲೇನ್ ಮೋಡ್ ಮಾಡಿಡಿ, ಇಲ್ಲವಾದರೆ ನಿಮ್ಮ ಅತ್ತೆಯ ಫೋನು ಇಡೀ ಊರಿಗೆ ಕೇಳೀತು.

ಐದನೆಯದು ಲ್ಯಾಪ್‌ಟಾಪು. ಎಷ್ಟೋ ಸಲ ತಪ್ಪು ಲ್ಯಾಪ್‌ಟಾಪಿನದು, ಬೈಸಿಕೊಳ್ಳುವುದು ಕಂಟ್ರೋಲರು. ಸುಪಾರಿಯ ದಿನ ವೈಫೈ ಬಂದ್ ಇರಲಿ, ತಾನೇ ಅಪ್‌ಡೇಟ್ ಆಗುವುದನ್ನು ಮುಂದೂಡಿರಲಿ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದೊಂದು ಇರುತ್ತದೆ. ವಿದ್ಯುತ್ ಉಳಿಸಲೆಂದು ಕಿಂಡಿಯನ್ನು ಮಲಗಿಸುವ ವ್ಯವಸ್ಥೆ ಅದು, ಆರಿಸಿಡಿರಿ. ಸಾಫ್ಟ್‌ವೇರಿನಲ್ಲಿ ಬಫರ್ ಎಂಬ ಅಂಕಿ ಇರುತ್ತದೆ. ಸೆಕೆಂಡಿಗೆ 44,100 ಮಾದರಿಯ ಧ್ವನಿಯಲ್ಲಿ 512ರ ಬಫರ್ ಎಂದರೆ ಸುಮಾರು 12 ಮಿಲಿ ಸೆಕೆಂಡ್ ತಡ. 128 ಎಂದರೆ ಸುಮಾರು 3. ಕಡಿಮೆ ಇಟ್ಟರೆ ಗುಂಡಿ ಒತ್ತಿದೊಡನೆ ಧ್ವನಿ ಬರುತ್ತದೆ, ಆದರೆ ಲ್ಯಾಪ್‌ಟಾಪ್ ದಣಿದರೆ ಚಿಟಿಚಿಟಿ ಒಡೆಯುತ್ತದೆ. ಲಗ್ನದ ಮನೆಗೆ 512 ಸಾಕು. ಕದ್ದ ಸಾಫ್ಟ್‌ವೇರ್ ಹಾಕಬೇಡಿರಿ. ರೆಕಾರ್ಡ್‌ಬಾಕ್ಸ್, ಸೆರಾಟೊ ಇವುಗಳಲ್ಲಿ ಯಾವುದು, ಎಷ್ಟರಮಟ್ಟಿಗೆ ಮಣೆಯ ಜೊತೆ ಪುಕ್ಕಟೆ ನಡೆಯುತ್ತದೆ, ಯಾವುದಕ್ಕೆ ತಿಂಗಳ ಚಂದಾ ಕಟ್ಟಬೇಕು ಎಂಬುದನ್ನು ಕೊಳ್ಳುವಾಗಲೇ ಕೇಳಿರಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಇದ್ದವರು ಹೊಸ ಮಣೆ ಅದಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿಯೇ ಜೋಡಿಸಿ ನೋಡಬೇಕು.

ಆರನೆಯದು ಪರೀಕ್ಷೆ. ಬಳಸಿದ ಮಣೆಯಾದರೆ ಎರಡು ತಾಸು ಬಿಡದೆ ನಡೆಸಿರಿ. ತಂತಿಯ ಬುಡವನ್ನು ಮೆಲ್ಲಗೆ ಅಲುಗಿಸಿರಿ. ಧ್ವನಿ ಕಡಿಯಿತೋ, ಬಿಟ್ಟು ಎದ್ದು ಬನ್ನಿರಿ. ಪ್ರತಿಯೊಂದು ಫೇಡರನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸಿರಿ. ಕರಕರ ಎಂದರೆ ಒಳಗೆ ಧೂಳು, ಇಲ್ಲವೆ ಸವಕಳಿ. ಪೂರ್ತಿ ಕೆಳಗೆ ಇಳಿಸಿದಾಗ ಧ್ವನಿ ಪೂರ್ತಿ ನಿಲ್ಲಬೇಕು. ಎರಡೂ ಚಕ್ರ, ಎಲ್ಲ ಬಟನ್ನು, ಹೆಡ್‌ಫೋನ್ ಕಿಂಡಿ ಒಂದನ್ನೂ ಬಿಡಬೇಡಿರಿ. ತಿರುಪುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿ ನೋಡಿದ್ದಾರೆ ಎಂದು ತಿಳಿಯಿರಿ.

ಹೊಸದಾದರೆ ಜಿಎಸ್‌ಟಿ ಹಾಕಿದ ಪಕ್ಕಾ ಬಿಲ್ಲು ಕೇಳಿರಿ. ಬಿಲ್ಲಿನ ಸೀರಿಯಲ್ ನಂಬರು, ಡಬ್ಬಿಯ ಮೇಲಿನದು, ಮಣೆಯ ಕೆಳಗಿನದು ಮೂರೂ ಒಂದೇ ಇರಬೇಕು. ಬೇರೆ ದೇಶದಿಂದ ಕದ್ದು ತಂದ ಸಾಮಾನು ಸಸ್ತಾ ಸಿಗುತ್ತದೆ, ಆದರೆ ಇಲ್ಲಿ ವಾರಂಟಿ ನಡೆಯುವುದಿಲ್ಲ. ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಕೇಳಿರಿ. ಲಗ್ನದ ತಿಂಗಳಲ್ಲಿ ಮಣೆ ಇಪ್ಪತ್ತು ದಿನ ಪುಣೆಯಲ್ಲಿ ಕುಳಿತರೆ ಇಲ್ಲಿ ನೀವು ಕೈಕಟ್ಟಿ ಕುಳಿತಂತೆ. ವಾರಂಟಿ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ. ಅಂಗಡಿಯವರು ಮರಾಠಿಯಲ್ಲಿ "ಹಮಿ ಆಹೆ" ಎನ್ನುತ್ತಾರೆ. ಎಷ್ಟು ದಿನದ ಹಮಿ, ಯಾವ ಭಾಗಕ್ಕೆ ಹಮಿ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ಬಾಯಿಮಾತಿನ ಹಮಿ ಯಾವ ಲೆಡ್ಜರಿನಲ್ಲೂ ಏರುವುದಿಲ್ಲ.

ಈಗ ಜೀವದ ಮಾತು ಒಂದು ಹೇಳಬೇಕು. ಜನರೇಟರಿನ ಮೇಲೆ ನಡೆಸುವಾಗ ಡಬ್ಬಿಗಳಿಂದ ಗುಂಯ್ ಎಂಬ ಸದ್ದು ಬಂದರೆ ಕೆಲವರು ಪ್ಲಗ್ಗಿನ ಅರ್ತಿಂಗ್ ಮುಳ್ಳನ್ನೇ ಮುರಿದು ಹಾಕುತ್ತಾರೆ. ಸದ್ದು ಹೋಗುತ್ತದೆ. ಆದರೆ ಆಂಪ್ಲಿಫೈಯರಿನ ಮೈಗೆ ಕರೆಂಟು ಇಳಿದ ದಿನ ಅದು ಮೈಕ್ ಹಿಡಿದವನ ಕೈಗೆ ಬರುತ್ತದೆ. ಮಳೆಯಲ್ಲಿ ಒದ್ದೆಯಾದ ನೆಲವಿದ್ದರೆ ಕೇಳುವುದೇ ಬೇಡ. ಅರ್ತಿಂಗ್ ಎಂದೂ ಕೀಳಬೇಡಿರಿ. ಧ್ವನಿಯ ತಂತಿಯ ನಡುವೆ ಹಾಕುವ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ. ಅದನ್ನು ಹಾಕಿರಿ. ಎಲ್ಲ ಸಾಮಾನಿಗೂ ಒಂದೇ ಕಡೆಯಿಂದ ಕರೆಂಟು ಕೊಡಿರಿ.

ಇನ್ನು ನನ್ನ ಕಸುಬಿನ ಲೆಕ್ಕ. 2015ರಿಂದ ಮುದ್ರಾ ಯೋಜನೆ ಇದೆ. ಐವತ್ತು ಸಾವಿರದವರೆಗಿನದು ಶಿಶು, ಅದರ ಮೇಲೆ ಐದು ಲಕ್ಷದವರೆಗಿನದು ಕಿಶೋರ. ಉದಾಹರಣೆಗೆ ಒಂದು ಲಕ್ಷ ಸಾಲ, ನೂರಕ್ಕೆ 12ರ ಬಡ್ಡಿ, 24 ತಿಂಗಳು ಎಂದು ಹಿಡಿಯಿರಿ. ಕಂತು ತಿಂಗಳಿಗೆ ಸುಮಾರು 4,707 ರೂಪಾಯಿ ಬೀಳುತ್ತದೆ. ಒಟ್ಟು ಬಡ್ಡಿ ಹದಿಮೂರು ಸಾವಿರದ ಹತ್ತಿರ. ಇದು ದೊಡ್ಡದಲ್ಲ ಎನಿಸುತ್ತದೆ. ಆದರೆ ಕಂತು ಹನ್ನೆರಡೂ ತಿಂಗಳು ಬರುತ್ತದೆ, ಲಗ್ನ ಬರುವುದಿಲ್ಲ. ತುಳಸಿ ಲಗ್ನವಾದ ಮೇಲೆ ಶುರುವಾದ ಮುಹೂರ್ತಗಳು ಆಷಾಢ ಏಕಾದಶಿಗೆ ನಿಲ್ಲುತ್ತವೆ. ಮುಂದೆ ಚಾತುರ್ಮಾಸದಲ್ಲಿ ಗಣಪತಿ, ನವರಾತ್ರಿ ಇಷ್ಟೇ. ಆದ್ದರಿಂದ ಪ್ರತಿ ಸುಪಾರಿಯ ಹಣದಲ್ಲಿ ಮೂರನೆಯ ಒಂದು ಪಾಲು ಮೊದಲೇ ತೆಗೆದು ಕಂತಿನ ಖಾತೆಗೆ ಹಾಕಿರಿ. ಇನ್ನೊಂದು ಸಣ್ಣ ಪಾಲು ತಂತಿ, ಫೇಡರು ಇವುಗಳ ರಿಪೇರಿಗೆ. ಉಳಿದದ್ದು ಮನೆಗೆ. ಯುಎಸ್‌ಬಿ ತಂತಿ ಯಾವಾಗಲೂ ಎರಡು ಇರಲಿ, ಗಿಡ್ಡ ಇರಲಿ. ಮಣೆಗೆ ಧೂಳು ಕೂಡದಂತೆ ಗಟ್ಟಿ ಮುಚ್ಚಳ ಕೊಳ್ಳಿರಿ. ನೂರಾರು ರೂಪಾಯಿಯ ತಂತಿಗೆ ಜಿಪುಣತನ ಮಾಡಿ ಹದಿಮೂರು ಸಾವಿರ ಕಳೆದುಕೊಂಡ ಮನೆ ನಮ್ಮದು.

ಕೊನೆಗೆ ಧ್ವನಿಯ ಅಳತೆ. ಮಣೆಯ ಮೇಲೆ ಹಸಿರು, ಹಳದಿ, ಕೆಂಪು ದೀಪ ಇರುತ್ತವೆ. ಕೆಂಪು ಹತ್ತಿದರೆ ಹಾಡು ಜೋರಾಯಿತೆಂದು ಹುಡುಗರಿಗೆ ಖುಷಿ. ನಿಜಕ್ಕೂ ಆಗ ಧ್ವನಿಯ ತಲೆ ಕತ್ತರಿಸಿ ಹೋಗಿರುತ್ತದೆ. ಆ ಮುರುಕು ಧ್ವನಿಯೇ ಸ್ಪೀಕರಿನ ಸಣ್ಣ ಸುರುಳಿಯನ್ನು ಸುಡುತ್ತದೆ. ಹಳದಿಯೊಳಗೇ ಇರಿ. ಕಿವಿಯ ಲೆಕ್ಕವೂ ಹೀಗೆಯೇ: 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು, 100 ಆದರೆ ಹದಿನೈದು ನಿಮಿಷ ಮಾತ್ರ ಎಂದು ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹೇಳಿದೆ. ಡಬ್ಬಿಯ ಮುಂದೆಯೇ ಕುಣಿಯುವವರಿಗೂ, ದಿನವೂ ಮಣೆಯ ಹಿಂದೆ ನಿಲ್ಲುವವನಿಗೂ ಇದು ಅನ್ವಯಿಸುತ್ತದೆ. ನನ್ನ ಅಳಿಯ ಈಗ ಕಿವಿಗೆ ಬಿರಡೆ ಹಾಕಿಕೊಳ್ಳುತ್ತಾನೆ. ಕಾಯಿದೆಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಮುಂಜಾನೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಪೊಲೀಸರು ಸಾಮಾನು ಎತ್ತಿಕೊಂಡು ಹೋದರೆ ಎಷ್ಟೇ ನಂಬಿಕೆಯ ಕಂಟ್ರೋಲರಾದರೂ ಠಾಣೆಯ ಮೂಲೆಯಲ್ಲಿ ಕೂಡುತ್ತದೆ, ಕಂತು ಮಾತ್ರ ನಡೆದೇ ಇರುತ್ತದೆ. ಮತ್ತೆ, ಬೀದಿಯ ಪ್ರತಿ ಮನೆಯಲ್ಲೂ ಒಬ್ಬ ಮುದುಕ, ಒಂದು ಕೂಸು ಇರುತ್ತದೆ ಎಂಬುದನ್ನು ಕಾಯಿದೆ ಇಲ್ಲದೆಯೂ ನಾವು ಬಲ್ಲೆವು.

ಆ ಲಗ್ನದ ಮನೆಗೆ ಏನಾಯಿತು ಎಂದು ಕೇಳುವಿರಿ. ಎಂಟು ದಿನ ಬಿಟ್ಟು ನಾನು ಅಳಿಯನನ್ನು ಕರೆದುಕೊಂಡು ಹೋದೆ. ಇಸಾರದ ಐದು ಸಾವಿರ ಅವರ ಮುಂದೆ ಇಡಿಸಿದೆ. ಅವರು ಬೇಡವೆನ್ನಲಿಲ್ಲ. ಎಣಿಸಿ ಒಳಗಿಟ್ಟರು, ಚಹಾ ಕುಡಿಸಿದರು. ಅದು ಅವರ ಹಕ್ಕಿನ ಹಣ. ಹಳೆಯ ಮಣೆ ಬಿಡಿ ಭಾಗದ ಬೆಲೆಗೆ ಹೋಯಿತು. ಮೊದಲಿನ ಸಾಲ ತೀರುವತನಕ ಎರಡು ಕಂತು ನನ್ನ ಪೆನ್ಶನ್ನಿನಿಂದ ಹೋದವು. ತಂಗಿಯ ಬೋರಮಾಳ ಬಿಡಿಸಿಕೊಂಡು ಬರಲು ಎರಡು ಸೀಜನ್ ಹಿಡಿಯಿತು. ಈಗ ಹುಡುಗ ಪ್ರತಿ ಸುಪಾರಿಗೂ ಎರಡು ತಾಸು ಮುಂಚೆ ಹೋಗಿ, ಮೊದಲು ಮೈಕ್ ಹಚ್ಚಿ, ಮಂಟಪದ ಕೊನೆಯ ಸಾಲಿನಲ್ಲಿ ತಾನೇ ನಿಂತು ಕೇಳಿ ಬರುತ್ತಾನೆ. ಆ ಮೇಲೆಯೇ ಹಾಡು.

ನಿಮ್ಮ ಹುಡುಗರಿಗೂ ಅಷ್ಟೇ ಹೇಳಿರಿ. ಸಹಿ ಹಾಕುವ ಮೊದಲು ನೀವೂ ಒಮ್ಮೆ ಮಷಿನ್ ನೋಡಿ ಬನ್ನಿರಿ.